ಬಾಜೂ ಅಂಗಡಿಯವರು ಎಷ್ಟು ಕೊಟ್ಟಾರ್ರಿ?

ಗಡಹಿಂಗ್ಲಜದ ಪೇಟೆಯಲ್ಲಿ ಗಣಪತಿ ಹಬ್ಬದ ಪಟ್ಟಿ ಎತ್ತಲು ಬಂದ ಹುಡುಗರಿಗೆ ಯಾವ ವ್ಯಾಪಾರಿಯೂ "ಕೊಡೂದಿಲ್ಲ" ಅನ್ನುವುದಿಲ್ಲ. ಅಷ್ಟು ಒರಟು ಜನ ಅಲ್ಲ ನಾವು. "ನಾಳಿ ಬರ್ರಿ" ಅನ್ನುತ್ತಾನೆ. ನಾಳೆ ಬಂದರೆ "ಮಾಲಕರು ಸಂಕೇಶ್ವರಕ್ಕ ಹೋಗ್ಯಾರ" ಅನ್ನುತ್ತಾನೆ. ಹೇಳುವವನೇ ಮಾಲಕ. ಅವನ ತಲೆಯ ಮೇಲೆ ಹಾರ ಹಾಕಿದ ಅಪ್ಪನ ಫೋಟೊ, ಕೆಳಗೆ ಅದೇ ಮೂಗು, ಅದೇ ಕಿವಿ. ಹುಡುಗರಿಗೂ ಗೊತ್ತು, ಅವರೇನು ದಡ್ಡರೇ? "ಆತು ಕಾಕಾ, ಮಾಲಕರು ಬಂದ ಮ್ಯಾಲ ಹೇಳ್ರಿ" ಅಂದು ಹೋಗುತ್ತಾರೆ. ಮೂರನೆಯ ದಿನ ಇಬ್ಬರಲ್ಲ, ಎಂಟು ಜನ ಬರುತ್ತಾರೆ. ಗಿರಾಕಿಗಳು ತುಂಬಿದ ಹೊತ್ತು ನೋಡಿಯೇ ಬರುತ್ತಾರೆ.

ಮರಾಠಿಯಲ್ಲಿ ಶುರುವಾದ ಮಾತು ಅಂಗಡಿಯವನು ಮರಾಠಿಯಲ್ಲೇ ತಪ್ಪಿಸಿಕೊಂಡ ಕೂಡಲೇ ಕನ್ನಡಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಕೇಳಿದರೆ ಕರುಳು ಬೇಗ ಕರಗುತ್ತದೆ ಎಂದು ಹುಡುಗರ ನಂಬಿಕೆ. ಹಾಗೇನೂ ಇಲ್ಲ. ಗಲ್ಲಾಪೆಟ್ಟಿಗೆ ಯಾವ ಭಾಷೆಗೂ ಕರಗುವುದಿಲ್ಲ. ಅದನ್ನು ತೆರೆಸುವುದು ಪಾವತಿ ಪುಸ್ತಕ. ಅನುಭವಸ್ಥ ಹುಡುಗ ಬಾಯಿಬಿಟ್ಟು ಎಷ್ಟು ಎಂದು ಹೇಳುವುದೇ ಇಲ್ಲ. ಪುಸ್ತಕವನ್ನು ಕಟ್ಟೆಯ ಮೇಲಿಟ್ಟು, ಗಾಳಿಗೆ ಹಾರಿತೇನೋ ಎಂಬಂತೆ ಹಿಂದಿನ ಪುಟ ತಿರುವುತ್ತಾನೆ. ಅಂಗಡಿಯವನ ಕಣ್ಣು ತಕ್ಕಡಿಯಿಂದ ಅಲ್ಲಿಗೆ ಹೊರಳುತ್ತದೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಬಾಜೂ ಅಂಗಡಿಯವರು ಎಷ್ಟು ಕೊಟ್ಟಾರ್ರಿ?"

ಕೇಳಿದ ಅಂದರೆ ಮುಗಿಯಿತು. ಬಾಜೂದವನು ಐನೂರಾ ಒಂದು ಕೊಟ್ಟಿದ್ದರೆ ಇವನು ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ, ಗಿರಾಕಿಗಳು ನೋಡುತ್ತಿದ್ದಾರೆ. ಬಹಳ ಹೆಚ್ಚು ಕೊಡುವ ಹಾಗೂ ಇಲ್ಲ, ಮನೆಯಾಕೆ ಲೆಕ್ಕ ನೋಡುತ್ತಾಳೆ. ಆದ್ದರಿಂದ ಪಟ್ಟಿ ಎತ್ತುವವರು ಮೊದಲ ಪುಟವನ್ನು ಬಹಳ ಜೋಪಾನವಾಗಿ ಬರೆಸುತ್ತಾರೆ. ಕೈ ದೊಡ್ಡದಾದ ಒಬ್ಬ ಅಡತಿ ಸಾವಕಾರರನ್ನು ಹುಡುಕಿ, ಅವರ ಬೋಣಿ ಮಾಡಿಸಿದ ಮೇಲೇ ಉಳಿದ ಪೇಟೆ. ಮೊದಲು ಜಿಪುಣನ ಕಡೆ ಹೋದರೆ ಆ ವರ್ಷ ಗಣಪತಿ ಒಂದು ಮೊಳ ಗಿಡ್ಡಾಗುತ್ತಾನೆ. ಹಿಂದೆಲ್ಲ "ಚಿಲ್ಲರ ಇಲ್ಲೋ ತಮ್ಮಾ" ಎಂಬ ಒಂದು ಬ್ರಹ್ಮಾಸ್ತ್ರ ಇತ್ತು. ಫೋನ್‌ಪೇ ಬಂದು ಅದನ್ನೂ ಕಸಿದುಕೊಂಡಿತು.

ಜನ ದಯೆಯಿಂದ ಕೊಡುತ್ತಾರೆ, ಭಕ್ತಿಯಿಂದ ಕೊಡುತ್ತಾರೆ ಎಂದು ಪ್ರವಚನಗಳಲ್ಲಿ ಹೇಳುತ್ತಾರೆ. ಇರಬಹುದು. ನನ್ನ ಕಣ್ಣಿಗೆ ಕಂಡಂತೆ ನಮ್ಮ ಸೀಮೆಯ ಛತ್ರ, ಶಾಲೆಯ ಕೋಣೆ, ಮಠದ ಅಡಿಗೆಮನೆ ಎಲ್ಲದರ ಅಡಿಪಾಯದಲ್ಲಿ ಬಾಜೂದವನ ಮೇಲಿನ ಹೊಟ್ಟೆಕಿಚ್ಚು ಗಟ್ಟಿಯಾಗಿ ಕೂತಿದೆ. ಅದೇನು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕಿಚ್ಚಿನಿಂದ ಕೊಟ್ಟ ರೊಕ್ಕಕ್ಕೂ ಬೇಳೆ ಅಷ್ಟೇ ಬರುತ್ತದೆ.

ಇದನ್ನು ನನಗಿಂತ ನೂರಿಪ್ಪತ್ತು ವರ್ಷ ಮೊದಲೇ ಅರಿತವರು ಕೊಲ್ಹಾಪುರದ ಶಾಹು ಮಹಾರಾಜರು. ಹಳ್ಳಿಯ ಹುಡುಗರು ಊಟ-ವಸತಿ ಇಲ್ಲದೆ ಶಾಲೆ ಬಿಡುತ್ತಿದ್ದರು. ಎಲ್ಲರಿಗೂ ಸೇರಿ ಒಂದೇ ಹಾಸ್ಟೆಲ್ ಕಟ್ಟೋಣ ಅಂದಿದ್ದರೆ, ಅವರ ಜತೆ ನಮ್ಮ ಹುಡುಗ ಉಣ್ಣೂದಿಲ್ಲ ಎಂಬಲ್ಲಿಗೇ ಸಭೆ ಮುಗಿಯುತ್ತಿತ್ತು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಆಯಿತು. ಮರಾಠರದು ಆಯಿತಲ್ಲ, ನಮ್ಮದು? ಜೈನರದಾಯಿತು, ಲಿಂಗಾಯತರದಾಯಿತು, ಮುಸ್ಲಿಮರದಾಯಿತು. ಅಸ್ಪೃಶ್ಯ ಹುಡುಗರಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಆಯಿತು. ಮಹಾರಾಜರು ಜಾಗ ಕೊಟ್ಟರು, ಅನುದಾನ ಕೊಟ್ಟರು, ಉಳಿದದ್ದನ್ನು ಆಯಾ ಸಮಾಜದ ಹಿರಿಯರ ಅಭಿಮಾನಕ್ಕೆ ಬಿಟ್ಟರು. ಇಡೀ ಊರಿನ ಜಾತಿಗಳ ಮುಂದೆ ಒಂದು ಪಾವತಿ ಪುಸ್ತಕ ಇಟ್ಟು ಹಿಂದಿನ ಪುಟ ತಿರುವಿದ ಹಾಗಾಯಿತು! ಕೊಲ್ಹಾಪುರಕ್ಕೆ ವಿದ್ಯಾರ್ಥಿ ವಸತಿಗೃಹಗಳ ತಾಯಿ ಎಂಬ ಹೆಸರು ಬಂದದ್ದು ಹೀಗೆ. ಬೆಳಗಾವಿ ಕಡೆಯ ಎಷ್ಟೋ ಕನ್ನಡದ ಹುಡುಗರೂ ಈ ಬೋರ್ಡಿಂಗುಗಳ ಅನ್ನ ಉಂಡವರೇ.

ಆದರೆ ಆ ಜೈನ ಬೋರ್ಡಿಂಗಿನೊಳಗೇ ನನ್ನ ಸಿದ್ಧಾಂತಕ್ಕೆ ಕೊಳ್ಳಿ ಇಡುವ ಒಬ್ಬ ಹುಡುಗ ಇದ್ದ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲ. ಮೂಲ ತೆಗೆದರೆ ನಮ್ಮ ಮೂಡುಬಿದಿರೆಯ ಮನೆತನ. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದ, ಮೈಲಿಗೆಯಾಯಿತು, ಸ್ನಾನ ಮಾಡು ಅಂದರು, ಮಾಡುವುದಿಲ್ಲ ಅಂದ, ಬೋರ್ಡಿಂಗಿನಿಂದ ಹೊರಗೆ ಬಿದ್ದ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅದೇ ಹುಡುಗ ಬೆಳೆದು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ರೊಕ್ಕಕ್ಕೇನು? ಮನೆಮನೆಯಿಂದ ಒಂದು ಮುಷ್ಟಿ ಧಾನ್ಯ. ಬೀಸುವ ಮೊದಲು ಒಂದು ಹಿಡಿ ತೆಗೆದಿಡುವ ಹೆಂಗಸು ಬಾಜೂ ಮನೆಯಾಕೆಯ ಹಿಡಿ ಎಷ್ಟು ದೊಡ್ಡದು ಎಂದು ಅಳೆಯಲು ಹೋಗುವುದಿಲ್ಲ. ಹಿಡಿ ಜೋಳದ ಮೇಲೆ ಹೆಸರು ಕೆತ್ತಲೂ ಬರುವುದಿಲ್ಲ. ಜೋಳವೂ ತೀರಿದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಬಂಗಾರ ಕೊಟ್ಟರು, ಮಂಗಳಸೂತ್ರವನ್ನೂ ಉಳಿಸಿಕೊಳ್ಳಲಿಲ್ಲ. ಇಲ್ಲಿ ಚೇಷ್ಟೆ ಮಾಡಲು ನನಗೆ ಏನೂ ಸಿಗುವುದಿಲ್ಲ. ಮುಂದಕ್ಕೆ ಹೋಗೋಣ.

ನಮ್ಮ ಪೇಟೆಗೆ ಇನ್ನೊಂದು ಉಪಾಯ ಗೊತ್ತು: ಬೇರೆಯವರ ಕಿಸೆಯಿಂದ ದಾನ ಮಾಡುವುದು. ಹಳೆಯ ಅಡತಿ ಪಟ್ಟಿಗಳನ್ನು ನೋಡಿ. ಬೆಲ್ಲಕ್ಕೆ ಇಷ್ಟು, ಹಮಾಲಿ ಇಷ್ಟು, ತೋಲಾಯಿ ಇಷ್ಟು, ಕೊನೆಗೆ ಸಣ್ಣಗೆ 'ಧರ್ಮಾದಾಯ' ಇಷ್ಟು. ಬೆಲ್ಲ ರೈತನದು, ಪೈಸೆ ರೈತನದು ಇಲ್ಲವೇ ಗಿರಾಕಿಯದು, ಧರ್ಮಶಾಲೆಯ ಮೇಲಿನ ಹೆಸರು ಸಾವಕಾರರದು. ಇಂಥ ಪೈಸೆ ವ್ಯಾಪಾರಿಯ ಲಾಭವೋ ಅಲ್ಲವೋ ಎಂದು ತೆರಿಗೆಯವರು ಉತ್ತರ ಪ್ರದೇಶದ ಹಾಥರಸದ ಬಿಜಲಿ ಕಾಟನ್ ಮಿಲ್ಸ್ ಮೇಲೆ ಸುಪ್ರೀಂ ಕೋರ್ಟಿನ ತನಕ ಹೋದರು. 1970ರ ದಶಕದ ಕೊನೆಗೆ ಕೋರ್ಟು, ಇದು ಧರ್ಮಕ್ಕೆಂದೇ ಪಡೆದ ಹಣ, ವ್ಯಾಪಾರಿಯ ಆದಾಯವಲ್ಲ ಎಂದಿತು. ಇನ್ನೊಬ್ಬರ ರೊಕ್ಕ ಎಂದು ಕೋರ್ಟಿಗೆ ತಿಳಿಯಿತು. ಧರ್ಮಶಾಲೆಯ ಕಲ್ಲಿಗೆ ತಿಳಿಯಲಿಲ್ಲ.

ಇಚಲಕರಂಜಿಯ ಕಥೆ ಬೇರೆ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ಕೂರಿಸಿದ್ದೇ ಕೂರಿಸಿದ್ದು, ಅಲ್ಲಿಂದ ಆ ಊರಿನಲ್ಲಿ ಯಾರಿಗೂ ಯಾರ ಮಾತೂ ಪೂರ್ತಿ ಕೇಳಿಸಿಲ್ಲ. ಮಗ್ಗದ ಶೆಡ್ಡಿನೊಳಗೆ ಪಟ್ಟಿ ಕೇಳುವುದು ಕೈಸನ್ನೆಯಲ್ಲೇ. ಮಾಲಕ ಐದು ಬೆರಳು ತೋರಿಸುತ್ತಾನೆ, ಅವನ ಮನಸ್ಸಿನಲ್ಲಿ ಐವತ್ತು. ಹುಡುಗರು ಐನೂರರ ಪಾವತಿ ಹರಿದು ಕೈಗಿಡುತ್ತಾರೆ. ಅವನು ಬಾಯಿ ತೆರೆದು ಏನೋ ಕೂಗುತ್ತಾನೆ. ಹುಡುಗರು ಕೈಮುಗಿದು, ಆಶೀರ್ವಾದ ಮಾಡಿದರು ಎಂದೇ ತಿಳಿದು, ಹೊರಟುಬಿಡುತ್ತಾರೆ.

ದಾನದಲ್ಲಿ ಕೊಲ್ಹಾಪುರದವರ ಕೈ ಹಿಡಿಯುವವರಿಲ್ಲ. ಅಲ್ಲಿ ಮಹಾನಗರಪಾಲಿಕೆಯವರು ಪಂಚಗಂಗೆಯ ದಂಡೆಯ ಸ್ಮಶಾನದಲ್ಲಿ ಹೆಣ ಸುಡಲು ರೊಕ್ಕ ತೆಗೆದುಕೊಳ್ಳುವುದಿಲ್ಲ. ಪುಕ್ಕಟೆ ಅಂದರೂ ಕುಳ್ಳು ಬೇಕಲ್ಲ? ಹೋಳಿ ಹತ್ತಿರ ಬಂತೆಂದರೆ ಗಲ್ಲಿಗಲ್ಲಿಯ ತಾಲೀಮು, ಮಂಡಳಗಳು ಕಾಮಣ್ಣನನ್ನು ಸಣ್ಣದು ಮಾಡಿ, ಉಳಿದ ಕುಳ್ಳನ್ನು ಸ್ಮಶಾನಕ್ಕೆ ದಾನ ಕೊಡುತ್ತವೆ. ಟೆಂಪೊ ತುಂಬ ಕುಳ್ಳು, ಅದರ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗರು, ಮುಂದೆ ಹಲಗಿ. ಸ್ಮಶಾನದ ಗೇಟಿನಲ್ಲಿ ಫೋಟೊ: ಒಂದು ಕುಳ್ಳಿಗೆ ಹದಿನಾರು ಕೈ. ಮರುದಿನ ಪೇಪರಿನಲ್ಲಿ ಬಂದರೆ ಸಾಕು, ಪಕ್ಕದ ಗಲ್ಲಿಯವರು ಎರಡು ಟೆಂಪೊ ಹೊರಡಿಸುತ್ತಾರೆ. ಈಗೀಗ ಹುಟ್ಟುಹಬ್ಬಕ್ಕೂ ಕುಳ್ಳು ದಾನ ಮಾಡುವವರಿದ್ದಾರೆ. ನಮ್ಮ ಕಡೆಯ ಒಬ್ಬ ಆಯಿ ಇದನ್ನು ಕೇಳಿ, "ಹುಟ್ಟಿದ ದಿನ ಸುಡಗಾಡಿಗೆ ಯಾಕ ಹೊಕ್ಕಾನೋ ಬಾಡ್ಯಾ, ಅವಸರ ಏನೈತಿ?" ಅಂದಳು. ನನಗೇನೋ ಇದು ಭೂಮಿಯ ಮೇಲಿನ ಅತ್ಯಂತ ನೇರ ದಾನ ಅನಿಸುತ್ತದೆ. ಪಡೆದವನು ಕಡಿಮೆಯಾಯಿತು ಎಂದು ಗೊಣಗುವುದಿಲ್ಲ. ಕೊಟ್ಟವನಿಗೂ ಎಂದಾದರೂ ಒಂದು ದಿನ ಪಾಲು ಉಂಟು.

2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಸಾಲುಗಟ್ಟಿ ನಿಂತ ಲಾರಿಗಳ ಡ್ರೈವರುಗಳಿಗೆ ಸುತ್ತಲಿನ ಊರವರು ರೊಟ್ಟಿ-ಪಲ್ಯ, ಅನ್ನ-ಸಾರು ಹೊತ್ತು ತಂದರು. ಆಗ ಪಾವತಿ ಇಲ್ಲ, ಬಾಜೂದವರ ಲೆಕ್ಕ ಇಲ್ಲ. ನೀರು ಇಳಿಯಿತು ನೋಡಿ, ನೆರವಿನ ಟೆಂಪೊಗಳು ಬರತೊಡಗಿದವು. ಒಂದೊಂದರ ಫ್ಲೆಕ್ಸು ಒಳಗಿನ ಸಾಮಾನಿಗಿಂತ ದೊಡ್ಡದು. ಅಟ್ಟದ ಮೇಲಿನ ಹರಕು ಸೀರೆಗಳಿಗೂ ಆ ದಿನ ಪುಣ್ಯ ಬಂತು. ಊರು ಮೊದಲಿನ ಹಾಗಾಯಿತು ಎಂದು ನನಗೆ ಸಮಾಧಾನವಾದದ್ದೇ ಆ ಫ್ಲೆಕ್ಸು ಕಂಡ ಮೇಲೆ.

ಛತ್ರಕ್ಕೆ ದಾನ ಕೊಟ್ಟ ಫ್ಯಾನುಗಳ ಸಂಗತಿ ನಿಮಗೂ ಗೊತ್ತಿರಬೇಕು. ರೆಕ್ಕೆಯ ಮೇಲೆ ದಾನಿಯ ಹೆಸರು. ತಿರುಗುವಾಗ ಗಾಳಿ ಬರುತ್ತದೆ, ಹೆಸರು ಕಾಣುವುದಿಲ್ಲ. ಕರೆಂಟು ಹೋದಾಗ ಸಭೆ ಬೆವರುತ್ತ ಮೇಲೆ ನೋಡುತ್ತದೆ, ದಾನಿಯ ಹೆಸರು ಸ್ಪಷ್ಟ.

ಇಷ್ಟೆಲ್ಲದರ ನಡುವೆ ಗುಪ್ತದಾನ ಎಂಬುದೂ ಒಂದಿದೆ. ಜಾತ್ರೆಯ ಮಹಾಪ್ರಸಾದದ ದಿನ ಸ್ಪೀಕರಿನಲ್ಲಿ ಹೆಸರುಗಳನ್ನು ಕೂಗುತ್ತ ಕೂಗುತ್ತ, "ಹೆಸರು ಹೇಳಲು ಇಚ್ಛಿಸದ ಭಕ್ತರೊಬ್ಬರಿಂದ ಹನ್ನೊಂದು ಸಾವಿರ!" ಅಂದಾಗ ಪಂಕ್ತಿಯಲ್ಲಿ ಕೂತವರ ಕೈ ಸಾರಿನಲ್ಲೇ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಬೇರೆ ಮಾತಿಲ್ಲ. ಕಿರಾಣಿ ಅಂಗಡಿಯವರೊಬ್ಬರು ಮತ್ತೆ ಮತ್ತೆ, "ಯಾರಿರಬೇಕಂತೀರಿ?" ಎಂದು ಕೇಳುತ್ತಾರೆ. "ನೀವಽ ಇರಬೇಕು ಸಾವಕಾರ್ರ" ಅಂದರೆ, "ಛೇ ಛೇ, ನಾ ಎಲ್ಲಿ" ಎಂದು ನೆಲ ನೋಡಿ ನಗುತ್ತಾರೆ. ಅರ್ಧ ತಾಸಿನ ಮೇಲೆ ಬಟ್ಟೆ ಅಂಗಡಿಯವರು ಬರುತ್ತಾರೆ. ಅವರದೂ "ಛೇ ಛೇ", ಅದೇ ನಗು. ಹೊತ್ತು ಏರಿದ ಮೇಲೆ ಬಂದವರು ಇಡೀ ಪೇಟೆಗೇ ಗೊತ್ತಿರುವ ಜಿಪುಣರು. ಯಾರೋ ಕೀಟಲೆಗೆಂದು ಅವರನ್ನೂ ಕೇಳಿದರು. ಅವರು ಛೇ ಅನ್ನಲಿಲ್ಲ, ನಗಲೂ ಇಲ್ಲ. ಅತ್ತಿತ್ತ ನೋಡಿ, ತುಟಿಯ ಮೇಲೆ ಬೆರಳಿಟ್ಟು, "ಜೋರ್ಲೆ ಮಾತಾಡಬ್ಯಾಡ್ರಿ" ಅಂದರು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅವರ ಹೆಸರೇ.