ದಾಂಡಿನೊಡನೆ ಒಂದು ಸಂವಾದ

ಭೂಮಂಡಲದ ಸಮಸ್ತ ಕ್ರೀಡೆಗಳೂ, ಬೇಸ್‌ಬಾಲ್ ಸಹಿತವಾಗಿ, ನಮ್ಮ ಚಿನ್ನಿದಾಂಡಿನ ಗರ್ಭದಿಂದಲೇ ಉದಿಸಿದವೆಂದು ಸಾರುವ ವಾಟ್ಸಾಪ್ ಸಂದೇಶಗಳು ಬೆಳಗಾದರೆ ಕೈಸೇರುತ್ತಿರುವ ಈ ಕಾಲದಲ್ಲಿ, ಯಾವ ಪಕ್ಷದವರೂ ವಿಚಾರಿಸದೆ ಬಿಟ್ಟ ಸಾಕ್ಷಿಯನ್ನು ನಾವಾದರೂ ವಿಚಾರಿಸುವುದು ಯುಕ್ತವೆಂದು ಬಗೆದು, ವಿದುರಾಶ್ವತ್ಥದ ನಾಗರಕಲ್ಲುಗಳ ಬಳಿ ಹುಡುಗರು ಬಿಟ್ಟುಹೋಗಿದ್ದ ದಾಂಡೊಂದನ್ನು ಮಾತಿಗೆಳೆದೆವು.

ಪ್ರಶ್ನೆ: ಬೇಸ್‌ಬಾಲಿನ ಪಿತೃತ್ವ ತಮ್ಮದೆಂದು ಕೇಳಿದ್ದೇವೆ.

ದಾಂಡು: ಪಿತೃತ್ವ ಯಾರಿಗೆ ಬೇಕು ಸ್ವಾಮಿ, ನನಗೊಂದು ಸಮಿತಿ ಸಾಕಿತ್ತು! ಆ ಆಟ ಇಂಗ್ಲೆಂಡಿನ ರೌಂಡರ್ಸ್‌ನಿಂದ ಬಂದುದೆಂದು ಪತ್ರಕರ್ತ ಹೆನ್ರಿ ಚಾಡ್ವಿಕ್ ಬರೆದುದನ್ನು ಸಹಿಸದೆ, ಆಟದ ಸಾಮಾನಿನ ವರ್ತಕರಾದ ಸ್ಪಾಲ್ಡಿಂಗ್ ಮಹಾಶಯರು 1905ರಲ್ಲಿ ಮಿಲ್ಸ್ ಎಂಬವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೇ ಕೂಡಿಸಿದರು. ಸಮಿತಿಯು, 1839ರಲ್ಲಿ ಐದು ವರ್ಷದ ಕೂಸಾಗಿದ್ದವನೊಬ್ಬನು ಮುಪ್ಪಿನಲ್ಲಿ ಬರೆದ ಪತ್ರವನ್ನು ನಂಬಿ, ಅದೇ ವರ್ಷ ಅಮೆರಿಕದ ಕೂಪರ್ಸ್‌ಟೌನಿನಲ್ಲಿ ಆಬ್ನರ್ ಡಬಲ್‌ಡೇ ಆಟವನ್ನು ಸೃಷ್ಟಿಸಿದನೆಂದು 1907ರ ಕೊನೆಯಲ್ಲಿ ತೀರ್ಪಿತ್ತಿತು. ಡಬಲ್‌ಡೇಯೋ ಆಗ ವೆಸ್ಟ್ ಪಾಯಿಂಟಿನ ಸೈನಿಕಶಾಲೆಯ ವಿದ್ಯಾರ್ಥಿ! ಆಟದ ಹೆಸರೋ 1744ರಲ್ಲಿಯೇ ಲಂಡನ್ನಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾಗಿತ್ತು! ಆದರೂ 1939ರಲ್ಲಿ ಕೂಪರ್ಸ್‌ಟೌನಿನಲ್ಲಿ ಕೀರ್ತಿಭವನ ಎದ್ದಿತು. ನನಗೆ? ಸೌದೆ ಮುಗಿದ ದಿನ ಒಲೆ.

ಪ್ರಶ್ನೆ: ತಮಗೆ ಮಹಾಭಾರತದ ಪ್ರಮಾಣವಿದೆಯಲ್ಲ?

ದಾಂಡು: ಇದೆ. ಕುರುಕುಮಾರರು ಆಡುತ್ತಿದ್ದಾಗ ಬಾವಿಗೆ ಬಿದ್ದು, ದ್ರೋಣರು ಹುಲ್ಲುಕಡ್ಡಿಗಳಿಂದ ಮೇಲೆತ್ತಿದ ವಸ್ತು ಚೆಂಡೆಂದು ಬಹುಜನರ ಮತ. ಮೊಳದುದ್ದದ ದಾಂಡಿನಿಂದ ಚಿಮ್ಮಿಸುವ ಗೇಣುದ್ದದ ಮರದ ತುಂಡೆಂದು ವ್ಯಾಖ್ಯಾನಕಾರ ನೀಲಕಂಠನ ಮತ. ಬಿದ್ದ ಚಿನ್ನಿಗೆ ಕೀರ್ತಿ. ಹೊಡೆದ ನನ್ನನ್ನು ಕೇಳುವವರಿಲ್ಲ.

ಪ್ರಶ್ನೆ: ಅದಿರಲಿ. 1938ರ ಏಪ್ರಿಲ್ 25ರಂದು ಇಲ್ಲಿ ಸತ್ತವರೆಷ್ಟು?

ದಾಂಡು: ನಾನು ಕೂಪರ್ಸ್‌ಟೌನಿನ ಮಾತಾಡುತ್ತಿದ್ದೆ. 1845ರಲ್ಲಿ ನ್ಯೂಯಾರ್ಕಿನ ನಿಕ್ಕರ್‌ಬಾಕರ್ ಕ್ಲಬ್ಬಿನವರು ನಿಯಮಾವಳಿ ಬರೆದಾಗ...

ಪ್ರಶ್ನೆ: ನಿಯಮಾವಳಿ ಹಾಗಿರಲಿ. ಸತ್ತವರೆಷ್ಟು?

ದಾಂಡು ಸುಮ್ಮನಾಯಿತು, ನಮ್ಮ ನಗೆಯೂ ಉಡುಗಿತು. ಧ್ವಜ ಸತ್ಯಾಗ್ರಹಕ್ಕಾಗಿ ಈ ತೋಪಿನಲ್ಲಿ ನೆರೆದಿದ್ದ ಹಳ್ಳಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕ ಹತ್ತರಲ್ಲಿ ನಿಂತಿತು. ಜನರ ಲೆಕ್ಕ ಮೂವತ್ತನ್ನು ದಾಟಿತು. ಬಳಿಕ ಆದ ಸರದಾರ ಪಟೇಲ್–ದಿವಾನ ಮಿರ್ಜಾ ಒಪ್ಪಂದದಿಂದ ಕಾಂಗ್ರೆಸ್ಸಿನ ಮತ್ತು ಮೈಸೂರು ಸಂಸ್ಥಾನದ ಎರಡು ಧ್ವಜಗಳಿಗೂ ಸ್ಥಾನ ದೊರೆಯಿತು. ಹೆಣಗಳ ಎಣಿಕೆಗೆ ಮಾತ್ರ ಒಪ್ಪಂದ ಒದಗಲಿಲ್ಲ. ಆಟಕ್ಕೊಬ್ಬ ಹುಸಿ ತಂದೆಯನ್ನು ಹುಡುಕಿಕೊಟ್ಟ ಅಮೆರಿಕದವರನ್ನು ಕಂಡು ನಗುವ ನಾವು, ಇಲ್ಲಿ ನಿಜವಾದ ತಂದೆಯರನ್ನೇ ಕಳೆದುಕೊಂಡ ಮಕ್ಕಳಿಗೆ ಏನು ಉತ್ತರ ಕೊಟ್ಟೆವು? ದ್ವಾಪರದ ಬಾವಿಯೊಳಗೆ ಬಿದ್ದುದೇನೆಂದು ಜಗಳವಾಡುವ ಪಂಡಿತರಿಗೆ, ಅಜ್ಜಂದಿರು ಕಣ್ಣಾರೆ ಕಂಡ ಮಧ್ಯಾಹ್ನವೊಂದರ ಲೆಕ್ಕ ಬೇಡವಾಯಿತೆ? ಇದು ಅಜ್ಞಾನವಲ್ಲ, ನಾಚಿಕೆಗೇಡು.

ದಾಂಡು: ಸ್ವಾಮಿ, ಚಿನ್ನಿ ಬಿದ್ದ ದೂರವನ್ನು ನನ್ನಿಂದಲೇ ಅಳೆಯುತ್ತಾರೆ. ಎಣಿಕೆಯಲ್ಲಿ ಅನುಮಾನ ಹುಟ್ಟಿದರೆ, ಎದುರು ಪಕ್ಷದ ಹುಡುಗನು ಗುಳಿಯಿಂದ ಮತ್ತೊಮ್ಮೆ ಅಳೆಸದೆ ಬಿಡುವುದಿಲ್ಲ. ದೊಡ್ಡವರಿಗೆ ಆ ಅಭ್ಯಾಸವಿದ್ದಂತಿಲ್ಲ. ಅಂದ ಹಾಗೆ, ನನ್ನ ಸಮಿತಿಯ ವಿಷಯ ಪತ್ರಿಕೆಯಲ್ಲಿ ಬರುತ್ತದೆ ತಾನೆ?