ಚಾಸರ್ ಕಳೆದುಕೊಂಡ ಎಕಾರ, ದೊಮ್ಮಲೂರಿಗೆ ಸಿಕ್ಕ ಉಕಾರ: ಒಂದು ಮಹಾಪ್ರಬಂಧದ ಸಾರ

ಹಳೆಯ ಇಂಗ್ಲಿಷ್ ಸಾಹಿತ್ಯ ಓದಲು ಆಕ್ಸ್‌ಫರ್ಡಿಗೆ ಹೋಗಬೇಕು ಎಂಬುದು ಮೂಢನಂಬಿಕೆ. ದೊಮ್ಮಲೂರು ಫ್ಲೈಓವರಿನ ಕೆಳಗೆ ಅರ್ಧ ಗಂಟೆ ಆಟೋಗೆ ಕಾದರೆ ಸಾಕು ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇದನ್ನು ಸಾಧಿಸಲು ಪ್ರಬಂಧಕಾರನು ಹನ್ನೊಂದು ವರ್ಷ ಕಾದಿದ್ದಾನೆ, ಬಹುಪಾಲು ಆಟೋಗೇ.

ಸಮಸ್ಯೆ ಹುಟ್ಟಿದ್ದು ಎಂ.ಎ. ಮೊದಲ ವರ್ಷದಲ್ಲಿ. ಇಂಗ್ಲಿಷ್ ಕವಿ ಚಾಸರ್‌ನಿಂದ ಜಾನ್ಸನ್‌ವರೆಗಿನ ಪತ್ರಿಕೆಗೆ ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು. ನಾನೂರು ವರ್ಷದ ಸಾಹಿತ್ಯ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮುಗಿದು, ಕೊನೆಯ ಹಾಳೆಗಳು ಮೆಸ್ ಲೆಕ್ಕಕ್ಕೆ ಮಿಕ್ಕುತ್ತಿದ್ದವು. ಚಾಸರ್‌ನನ್ನು ನಾವ್ಯಾರೂ ಓದಿರಲಿಲ್ಲ, ಗೈಡನ್ನು ಓದಿದ್ದೆವು. ಅವನ ಅಪ್ಪ ವೈನ್ ವ್ಯಾಪಾರಿ ಎಂಬ ಒಂದು ಅಂಶ ಮಾತ್ರ ಯಾರೂ ಹೇಳಿಕೊಡದೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಒಂದು ದಿನ ಮೇಷ್ಟ್ರು ಯಾವ ಹುಮ್ಮಸ್ಸಿನಲ್ಲೋ ಮೂಲದ ನಾಲ್ಕು ಸಾಲನ್ನು ಆ ಕಾಲದ ಉಚ್ಚಾರಣೆಯಲ್ಲೇ ಗಟ್ಟಿಯಾಗಿ ಓದಿದರು. ಹಿಂದಿನ ಬೆಂಚಿನವನು, "ಸಾರ್, ಇದು ನಮ್ ತಾತ ಇಂಗ್ಲಿಷ್ ಓದಿದ ಹಾಗೇ ಇದೆ" ಅಂದ. ಕ್ಲಾಸೆಲ್ಲ ನಕ್ಕಿತು. ನಗದೆ ಕೂತವನು ನಾನೊಬ್ಬನೇ. ಮಹಾಸಿದ್ಧಾಂತಗಳು ಇಂಥ ಹೊತ್ತಿನಲ್ಲೇ ಮೊಳೆಯುವುದು.

ಈಗ ವಿಷಯಪ್ರವೇಶ. 1400ರಲ್ಲಿ ತೀರಿಕೊಂಡ ಚಾಸರ್‌ನ ಇಂಗ್ಲಿಷಿನಲ್ಲಿ ಎಷ್ಟೋ ಮಾತುಗಳ ಕೊನೆಯ ಎಕಾರ ಬರೀ ಬರಹದಲ್ಲಿರಲಿಲ್ಲ, ಕಾವ್ಯ ಓದುವಾಗ ಕಿವಿಗೂ ಬೀಳುತ್ತಿತ್ತು. ನಾವು ಈಗ 'ನೇಮ್' ಎನ್ನುವುದು ಆಗ ಹೆಚ್ಚುಕಡಿಮೆ ನಮ್ಮ 'ನಾಮ'ವೇ. 'ನೈಟ್' ಎಂಬ ವೀರನ ಮುಂದಿದ್ದ 'ಕೆ' ಕೂಡ ಸುಮ್ಮನೆ ನಿಂತಿರಲಿಲ್ಲ, 'ಕ್ನಿಹ್ತ್' ಎಂದು ಹಲ್ಲು ಕಡಿಯುತ್ತಿತ್ತು. ಆಮೇಲೆ ಕೊನೆಯ ಸ್ವರ ಸವೆದುಹೋಯಿತು. ಉಳಿದ ದೀರ್ಘ ಸ್ವರಗಳೂ 1400ರಿಂದ 1700ರ ನಡುವೆ ಬಾಯೊಳಗೇ ಮನೆ ಬದಲಾಯಿಸಿದವು. ಕಾಗುಣಿತ ಮಾತ್ರ ಹಳೇ ವಿಳಾಸದಲ್ಲೇ ಉಳಿಯಿತು. ಮಕ್ಕಳು 'ವೆಡ್‌ನೆಸ್‌ಡೇ' ಎಂದು ಓದಿ ಏಟು ತಿನ್ನುವುದಕ್ಕೆ ಇದೇ ಕಾರಣ.

ಕಳೆದ ಎಕಾರ ಎಲ್ಲಿ ಹೋಯಿತು? ಇಂಗ್ಲಿಷ್ ಪಂಡಿತರು 'ಲೋಪವಾಯಿತು' ಎಂದು ಕೈತೊಳೆದುಕೊಂಡಿದ್ದಾರೆ. ಅವರು ಕನ್ನಡ ಓದಿದವರಲ್ಲ. ಹಳೆಗನ್ನಡದಲ್ಲಿ ಊರ್, ಕಾಲ್, ಪಾಲ್ ಎಂದು ವ್ಯಂಜನಕ್ಕೇ ನಿಲ್ಲುತ್ತಿದ್ದ ಮಾತುಗಳು ನಡುಗನ್ನಡಕ್ಕೆ ಬರುವಾಗ ಊರು, ಕಾಲು, ಹಾಲು ಎಂದು ಬಾಲ ಬೆಳೆಸಿಕೊಂಡವು. ಅವರು ಕಳೆದರು, ನಾವು ಕೂಡಿದೆವು. ಲೆಕ್ಕ ತಾಳೆಯಾಯಿತಲ್ಲ! ಇಲ್ಲಿಂದ ಹೊರಡುವುದೇ ನನ್ನ ಸ್ವರಸಂರಕ್ಷಣಾ ನಿಯಮ: ಸ್ವರವನ್ನು ಹುಟ್ಟಿಸಲಾಗದು, ಸಾಯಿಸಲಾಗದು; ಒಂದು ಭಾಷೆಯ ಬಾಲದಿಂದ ಇನ್ನೊಂದರ ಬಾಲಕ್ಕೆ ವರ್ಗ ಮಾಡಿಸಬಹುದು.

ಆಕ್ಷೇಪ: ಚಾಸರ್ ಹುಟ್ಟುವ ಮೊದಲೇ ಕನ್ನಡಕ್ಕೆ ಬಾಲ ಬರತೊಡಗಿತ್ತಲ್ಲ? ಸಮಾಧಾನ: ಅದು ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಎಣಿಸಿ ಮನೆ ಹಿಡಿಯುವ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೇಕ್ಸ್‌ಪಿಯರ್‌ನನ್ನು ಬೇಗ ದಾಟೋಣ, ಅವನ ಮೇಲೆ ಬೇಕಾದಷ್ಟು ಜನ ಪಿಎಚ್.ಡಿ. ಮಾಡಿ ಮನೆ ಕಟ್ಟಿಸಿದ್ದಾರೆ. 1885ರಲ್ಲಿ ಚುರಮುರಿ ಶೇಷಗಿರಿರಾಯರು ಒಥೆಲೊನನ್ನು 'ರಾಘವೇಂದ್ರರಾವ್' ಮಾಡಿದರು. 1895ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ಮ್ಯಾಕ್‌ಬೆತ್ 'ಪ್ರತಾಪರುದ್ರದೇವ'ನಾದ. ಎರಡೇ ಸ್ವರವಿದ್ದ ಬಡಪಾಯಿಗೆ ಏಳು ಸ್ವರ ದಕ್ಕಿತು. ರಾಜ್ಯ ಹೋದರೂ ಸಪ್ತಸ್ವರ ಉಳಿಯಿತು.

ಕ್ಷೇತ್ರಕಾರ್ಯದ ಅಧ್ಯಾಯವೇ ಮುಖ್ಯ. 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಕ್ಯಾಕ್ಸ್‌ಟನ್, 1490ರ ಒಂದು ಮುನ್ನುಡಿಯಲ್ಲಿ ಮೊಟ್ಟೆಯ ಕಥೆ ಹೇಳುತ್ತಾನೆ. ಥೇಮ್ಸ್‌ನಿಂದ ಹೊರಟ ವ್ಯಾಪಾರಿಗಳ ಹಡಗು ಗಾಳಿಯಿಲ್ಲದೆ ನಿಂತಿತು. ಒಬ್ಬ ದಡಕ್ಕಿಳಿದು ಒಂದು ಮನೆಯಲ್ಲಿ 'ಎಗ್ಗೆಸ್' ಇದೆಯೇ ಎಂದು ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬಾರದೆಂದಳು. ಅವನಿಗೆ ಸಿಟ್ಟು ನೆತ್ತಿಗೇರಿತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಇನ್ನೊಬ್ಬ 'ಐರೆನ್' ಎಂದಮೇಲೆ ಆಕೆಗೆ ತಿಳಿಯಿತು.

ನಮ್ಮ ಬೀದಿಯ ಅಂಗಡಿಯಲ್ಲಿ ಇದೇ ಪ್ರಯೋಗ ನನ್ನ ಕಣ್ಣೆದುರೇ ನಡೆಯಿತು. ಧಾರವಾಡದಿಂದ ಬಂದು ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗ, "ತತ್ತಿ ಎಲ್ಲಿ ಅದಾವ್ರಿ?" ಎಂದು ಕೇಳಿದ. ಗಲ್ಲಾದಲ್ಲಿದ್ದವನು ಹಿಂದಿ ಸೀಮೆಯವನು, ಈಚೆಗಷ್ಟೇ ಕನ್ನಡ ಕಲಿತವನು. ಅವನ ಭಾಷೆಯಲ್ಲಿ ಆ ಸದ್ದಿಗೆ ಬೇರೆಯೇ ಅರ್ಥ. ಕನಿಕರದಿಂದ ಕೈ ತೋರಿಸಿ, "ಇಲ್ಲಿ ಇಲ್ಲ ಸಾರ್, ಪೆಟ್ರೋಲ್ ಬಂಕಲ್ಲಿ ಇದೆ, ಕ್ಲೀನಾಗಿದೆ" ಅಂದ. ಅವನ ಬೆನ್ನ ಹಿಂದೆ ಮೊಟ್ಟೆಯ ಟ್ರೇಗಳು ಎದೆಮಟ್ಟಕ್ಕೆ ಪೇರಿಸಿದ್ದವು. ಕೊನೆಗೆ ಒಬ್ಬಳು ಅಜ್ಜಿ "ಮುಟ್ಟೈ ಕೇಕ್ಕಿರಾನ್ ಪಾ" ಎಂದಾಗ ವ್ಯವಹಾರ ಕುದುರಿತು. ಕ್ಯಾಕ್ಸ್‌ಟನ್ ಅಲ್ಲಿದ್ದಿದ್ದರೆ ಮುನ್ನುಡಿಯನ್ನು ಇನ್ನೊಮ್ಮೆ ಅಚ್ಚು ಹಾಕುತ್ತಿದ್ದ.

ಇನ್ನು ಹದಿನೆಂಟನೆಯ ಶತಮಾನ. ಕವಿಗಳೂ ಶೋಕಿಲಾಲರೂ ಮಾತಿನ ಸ್ವರಗಳನ್ನು ಕತ್ತರಿಸಿ ಬರೀ ವ್ಯಂಜನ ಗುಡ್ಡೆ ಹಾಕುತ್ತಿದ್ದಾರೆ ಎಂದು ಜೊನಾಥನ್ ಸ್ವಿಫ್ಟ್ 1712ರಲ್ಲಿ ಖಜಾನೆಯ ಮಂತ್ರಿಗೇ ದೂರು ಕೊಟ್ಟ. ಭಾಷೆಗೊಂದು ಕಾವಲು ಸಮಿತಿ ಬೇಕೆಂದ. ಸಮಿತಿ ಆಗಲಿಲ್ಲ. 1755ರಲ್ಲಿ ಡಾ. ಜಾನ್ಸನ್ ಒಬ್ಬನೇ ಕೂತು ನಲವತ್ತೆರಡು ಸಾವಿರಕ್ಕೂ ಹೆಚ್ಚು ಮಾತುಗಳ ನಿಘಂಟು ಮಾಡಿ, ಉಸಿರು ನಿಂತ ಅಕ್ಷರಗಳಿಗೆ ಗೌರವದ ಗೋರಿ ಕಟ್ಟಿಸಿದ. ಸ್ವಿಫ್ಟ್‌ನ ಆತ್ಮ ನ್ಯಾಯಕ್ಕೆ ಅಲೆಯುತ್ತಲೇ ಇತ್ತು. ಮೊನ್ನೆ ದೊಮ್ಮಲೂರಿನಲ್ಲಿ ನನ್ನ ಫೋನಿಗೆ ಕರೆ ಬಂತು: "ಸಾರ್, ಕ್ಯಾಬು. ಸ್ವಿಫ್ಟು. ವೈಟು. ಸಿಗ್ನಲ್ಲು ದಾಟಿ ನಿಂತಿದೀನಿ." ಮುನ್ನೂರು ವರ್ಷದ ದೂರು ಒಂದೇ ಕರೆಯಲ್ಲಿ ಇತ್ಯರ್ಥ. ಸ್ವಿಫ್ಟ್‌ಗೇ ಸ್ವರ ಸಿಕ್ಕಿದ ಮೇಲೆ ಮಿಕ್ಕವರದೇನು?

ಆದರೆ ಬ್ರಿಟಿಷರು ಕೊಟ್ಟದ್ದನ್ನು ಬಿಡುವ ಜನವಲ್ಲ. 1809ರಲ್ಲಿ ದಂಡು ಪ್ರದೇಶ ಕಟ್ಟಿಕೊಂಡವರು ಹಳೆಯ ಸಾಲ ವಸೂಲಿಗೆ ನಿಂತರು. ಹಲಸೂರಿನ ಹಕಾರವನ್ನು ಮುಂದಿನಿಂದಲೂ ಉಕಾರವನ್ನು ಹಿಂದಿನಿಂದಲೂ ಕಿತ್ತು 'ಅಲ್ಸೂರ್' ಎಂದರು. ದೊಮ್ಮಲೂರನ್ನು ಹಿಂಡಿ 'ಡೊಮ್ಲೂರ್' ಮಾಡಿದರು. ಬೆಂಗಳೂರಿನ ಉಕಾರವನ್ನು ಸರ್ಕಾರಿ ಇಂಗ್ಲಿಷಿಗೆ ಬಿಡಿಸಿ ತರಲು 2014ರ ನವೆಂಬರ್ ಒಂದರವರೆಗೆ ಕಾಯಬೇಕಾಯಿತು. ದೊಮ್ಮಲೂರಿನದು ಇನ್ನೂ ಅಡವಿನಲ್ಲೇ ಇದೆ.

ಇಷ್ಟು ಬರೆದು, ಪಕ್ಕದ ಮನೆಯ ಹಿರಿಯರಿಗೆ ಓದಿ ಹೇಳಿದೆ. ಎಚ್‌ಎಎಲ್‌ನಿಂದ ನಿವೃತ್ತರಾದವರು, ಮನೆಮಾತು ತಮಿಳು. ಪೂರ್ತಿ ಕೇಳಿ, ಚಪ್ಪಲಿ ಮೆಟ್ಟಿ, "ಬನ್ನಿ ಸಾರ್" ಎಂದು ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಹದಿಮೂರನೆಯ ಶತಮಾನದ ತಮಿಳು ಶಾಸನಗಳಲ್ಲಿ ಈ ಊರಿನ ಹೆಸರು ತೊಂಬಲೂರ್. ಚಾಸರ್ ಇನ್ನೂ ಹುಟ್ಟಿರದ ಕಾಲ.

"ಬಾಲ ಎಲ್ಲಿದೆ ಸಾರ್?" ಎಂದರು. "ಇಂಗ್ಲಿಷ್‌ನೋರು ಏನೂ ಕತ್ತರಿಸಿಲ್ಲ. ಇಲ್ಲಿದ್ದಿದ್ದೇ ಹೀಗೆ. ಅಂಟಿಸಿದ್ದು ನೀವು."

ಹನ್ನೊಂದು ವರ್ಷ ಗರ್ಭಗುಡಿಯ ಮುಂದೆ ತೆಂಗಿನಕಾಯಿಯಂತೆ ಒಡೆದುಹೋಯಿತು. ನಾನು ಸುಮ್ಮನೆ ಕಂಬಕ್ಕೊರಗಿ ನಿಂತೆ. ಅವರಿಗೆ ಪಾಪ ಎನ್ನಿಸಿರಬೇಕು, ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ ಸಾರ್. ಥಿಯರಿ ಚೆನ್ನಾಗೇ ಇದೆ. ಆದ್ರೆ ಪ್ರೂಫು? ಪ್ರೂಫು ಎಲ್ಲಿದೆ?"

ಜೇಬಿನಿಂದ ನೋಟ್‌ಬುಕ್ ತೆಗೆದು, ತಾರೀಖು ಹಾಕಿ, ಅವರ ಮಾತನ್ನು ಹಾಗೆಹಾಗೇ ಬರೆದುಕೊಂಡೆ.