20 ಗುಂಟೆ ಹುಲ್ಲಿನ ಯಜಮಾನ

ಊರಿನಲ್ಲಿ ಹುಲ್ಲು ಬೆಳೆಸುವವನಿಗೆ ಒಂದು ಕಾರಣ ಇರುತ್ತದೆ: ಕೊಟ್ಟಿಗೆಯಲ್ಲಿ ಹಸು ಇರುತ್ತದೆ. ಒಹಾಯೋದ ನಮ್ಮ ಬಡಾವಣೆಯಲ್ಲಿ ಹಸು ಕಟ್ಟುವ ಹಾಗಿಲ್ಲ, ಹುಲ್ಲು ಬೆಳೆಸದೆ ಇರುವ ಹಾಗೂ ಇಲ್ಲ. ದುಡ್ಡು ಕೊಟ್ಟು ಬೀಜ ತರಬೇಕು, ಗೊಬ್ಬರ ಹಾಕಬೇಕು, ನೀರು ಬಿಡಬೇಕು. ಅಷ್ಟೆಲ್ಲ ಮಾಡಿ, ಬೆಳೆದ ಕೂಡಲೇ ಕತ್ತರಿಸಿ ಅಲ್ಲೇ ಚೆಲ್ಲಬೇಕು. ಅರಸೀಕೆರೆ ಕಡೆಯಿಂದ ಬಂದ ನಮ್ಮ ಅತ್ತೆ ಇದನ್ನು ಕಿಟಕಿಯಿಂದ ನೋಡಿ, "ಇಷ್ಟು ಮೇವು ಸುಮ್ಮನೆ ಹಾಳು ಮಾಡ್ತೀರಲ್ಲ ಅಳಿಯಂದ್ರೆ, ಪಾಪ ಬರಲ್ವಾ?" ಎಂದು ಕೇಳಿದ್ದರು. ನನ್ನ ಬಳಿ ಉತ್ತರ ಇರಲಿಲ್ಲ. ನಿಮ್ಮ ಅತ್ತೆಯವರ ಪ್ರಶ್ನೆಗಳಿಗೆ ನಿಮ್ಮ ಬಳಿಯೂ ಇರಲಾರದು ಬಿಡಿ.

ಈ ಕರ್ಮಕ್ಕೆಲ್ಲ ಮೂಲಪುರುಷ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸಮವಾಗಿ ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿದ ಪುಣ್ಯಾತ್ಮ, ಅದೇ ಉಪಾಯವನ್ನು ಹುಲ್ಲಿಗೆ ಹಚ್ಚಿ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಅಂದರೆ ಮೋವರಿಗೆ, 1830ರಲ್ಲಿ ಪೇಟೆಂಟ್ ಪಡೆದ. ಅಂದಿನಿಂದ ಗಂಡಸರ ಶನಿವಾರ ಹಾಳು.

ನಮ್ಮದು ಅರ್ಧ ಎಕರೆ. ಅಂದರೆ ಲೆಕ್ಕಕ್ಕೆ ಸರಿಯಾಗಿ 20 ಗುಂಟೆ. ತಳ್ಳುವ ಮೋವರ್ ಸಾಕು ಎಂದು ಹೆಂಡತಿ ಹೇಳಿದಳು. ಆದರೆ ಎದುರು ಮನೆಯವರು ಕೂತು ಓಡಿಸುವಾಗ ಹಿಂದೆ ಏದುಸಿರು ಬಿಡುತ್ತಾ ತಳ್ಳಿಕೊಂಡು ಹೋಗುವುದಕ್ಕೆ ನನ್ನ ಮರ್ಯಾದೆ ಒಪ್ಪಲಿಲ್ಲ. ಒಂದೇ ಸಾಲಿಗೆ 42 ಇಂಚು ಅಗಲ ಕತ್ತರಿಸುವ ಡೆಕ್ಕಿನ, ಸ್ಟಿಯರಿಂಗ್ ಚಕ್ರವಿರುವ, ಲೋಟ ಇಡಲು ಗೂಡೂ ಇರುವ ರೈಡಿಂಗ್ ಮೋವರ್ ಮನೆಗೆ ಬಂತು. ಅದರ ಮೇಲೆ ಟೋಪಿ ಹಾಕಿ ಕೂತ ಫೋಟೋ ತೆಗೆಸಿ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. "ಟ್ರ್ಯಾಕ್ಟರ್ ತಗೊಂಡ್ಯೇನೋ? ಭೇಷ್!" ಎಂದು ಊರಿನಿಂದ ಚಿಕ್ಕಪ್ಪ ಬರೆದರು. ಹಿರಿಯರ ಮಾತು ತಿದ್ದಬಾರದು ಎಂದು ಸುಮ್ಮನಾದೆ.

ಆ ಟ್ರ್ಯಾಕ್ಟರು ಮೇ ತಿಂಗಳಲ್ಲಿ ನಿಂತಿತು. ಇಲ್ಲಿನ ಹುಲ್ಲು ಬಿಸಿಲಿಗಿಂತ ತಂಪಿಗೆ ಹೆಚ್ಚು ಹಿಗ್ಗುವ ಜಾತಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ನೋಡಿದ್ದಕ್ಕಿಂತ ಸಂಜೆಗೆ ಉದ್ದ ಕಾಣುತ್ತದೆ. ಬಡಾವಣೆಯ ಸಂಘದಿಂದ ಬಹಳ ವಿನಯದ ಒಂದು ಕಾಗದವೂ ಬಂದಿತ್ತು. ವಿನಯ ಹೆಚ್ಚಾದಷ್ಟೂ ದಂಡ ಹತ್ತಿರ ಬಂದಿದೆ ಎಂದು ಅರ್ಥ. ಟೋಪಿ ಹಾಕಿಕೊಂಡು ಹತ್ತಿ ಕೂತೆ, ಎಂಜಿನ್ ಗುಡುಗಿತು. ಪೆಡಲ್ ಒತ್ತಿದೆ. ಗಾಡಿ ಅಲುಗಲಿಲ್ಲ. ಇನ್ನೂ ಒತ್ತಿದೆ. ಶಬ್ದ ಬದಲಾಯಿತು, ಜಾಗ ಬದಲಾಗಲಿಲ್ಲ.

ಏನಾಗಿದೆ ನೋಡೋಣ ಎಂದು ಎದ್ದೆ. ಎಂಜಿನ್ ಫಕ್ಕನೆ ಆರಿತು. ಸೀಟಿನಡಿ ಒಂದು ಸ್ವಿಚ್ ಇರುತ್ತದೆ: ಓಡುವ ಗಾಡಿಯಿಂದ ಸವಾರ ಎದ್ದರೆ ಎಂಜಿನ್ ತಾನೇ ನಿಲ್ಲಬೇಕು, ಇಲ್ಲದಿದ್ದರೆ ಕೈಕಾಲು ಬ್ಲೇಡಿಗೆ ಹೋಗುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಅದರಿಂದ ಆಗುವುದೇನೆಂದರೆ, ಗಾಡಿ ಚಾಲೂ ಇದ್ದಾಗ ಕೆಳಗೆ ಏನು ನಡೆಯುತ್ತಿದೆ ಎಂಬುದು ಮೇಲೆ ಕೂತ ಯಜಮಾನನೊಬ್ಬನನ್ನು ಬಿಟ್ಟು ಬೇರೆಲ್ಲರಿಗೂ ಕಾಣುತ್ತದೆ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ರೀ, ಹ್ಯಾಂಡ್ ಬ್ರೇಕ್ ತೆಗೆದಿದ್ದೀರಾ?" ಎಂದು ಅಡುಗೆಮನೆಯಿಂದ ಕೇಳಿಬಂತು.

"ಮೆಕ್ಯಾನಿಕಲ್ ಬಿ.ಇ. ಕಣೇ ನಾನು!" ಎಂದೆ. ಆಮೇಲೆ ಅವಳು ಕಿಟಕಿಯಿಂದ ಸರಿದಳೆಂದು ಖಾತ್ರಿ ಮಾಡಿಕೊಂಡು ಬ್ರೇಕ್ ನೋಡಿದೆ. ತೆಗೆದೇ ಇತ್ತು. ಆ ಖುಷಿಯಲ್ಲೇ ಒಂದು ಲೋಟ ಕಾಫಿ ಕುಡಿದೆ.

ಮುಂದಿನ ಸರದಿ ಮಗನದು. ಫೋನಿನಿಂದ ತಲೆ ಎತ್ತದೆ, "ಹಿಂದುಗಡೆ ಬೈಪಾಸ್ ರಾಡ್ ನೋಡಪ್ಪ" ಅಂದ. ನಮ್ಮದರಂಥ ಹೈಡ್ರೋಸ್ಟ್ಯಾಟಿಕ್ ಗಾಡಿಗಳಲ್ಲಿ ಗೇರ್ ಬದಲಿಸುವ ಕೆಲಸ ಇಲ್ಲ. ಎಣ್ಣೆಯ ಒತ್ತಡವೇ ಚಕ್ರ ತಿರುಗಿಸುತ್ತದೆ. ಎಂಜಿನ್ ಆರಿಸಿ ಕೈಯಲ್ಲಿ ತಳ್ಳಬೇಕಾದಾಗ ಹಿಂದಿನ ರಾಡ್ ಎಳೆದರೆ ಆ ಒತ್ತಡ ಬಿಟ್ಟುಹೋಗುತ್ತದೆ. ಎಳೆದದ್ದನ್ನು ಮತ್ತೆ ತಳ್ಳದಿದ್ದರೆ ಎಂಜಿನ್ ಎಷ್ಟೇ ಅರಚಿಕೊಂಡರೂ ಗಾಡಿ ಕದಲದು. ಇಷ್ಟನ್ನೂ ಅವನಿಗೆ ವಿವರಿಸಿದೆ. "ನಾನು ಹೇಳಿದ್ದೂ ಅದೇ" ಎಂದು ಎದ್ದುಹೋದ. ರಾಡು ಸರಿಯಾಗಿತ್ತು.

ಹಾಗಾದರೆ ಬೆಲ್ಟು. ಹಳೆಯ ಚಾಪೆ ಹಾಸಿ ಗಾಡಿಯಡಿ ಮಲಗಿದೆ. ಹೋದ ವರ್ಷ ಕತ್ತರಿಸಿದ ಹುಲ್ಲೆಲ್ಲ ಒಣಗಿ ಡೆಕ್ಕಿಗೆ ಮೆತ್ತಿಕೊಂಡಿತ್ತು. ಬಾಯಿ ತೆರೆದು "ಟಾರ್ಚ್ ತಾರೋ" ಎಂದದ್ದೇ ತಡ, ಒಂದು ಹಿಡಿ ಒಳಕ್ಕೆ ಇಳಿಯಿತು. ಮೇವು ಹಾಳಾಗಲಿಲ್ಲ ಎಂದು ಅತ್ತೆಗೆ ಸಮಾಧಾನ ಆಗಿರಬೇಕು. ಬೆಲ್ಟು ಪುಲ್ಲಿಯ ಮೇಲೇ ಇತ್ತು. ಅದನ್ನು ಬಿಗಿ ಹಿಡಿಯುವ ಸ್ಪ್ರಿಂಗೂ ಇತ್ತು. ಅದು ಎಷ್ಟು ಬಿಗಿ ಎಂದು ನನ್ನ ಹೆಬ್ಬೆರಳಿಗೆ ಈಗಲೂ ಗೊತ್ತು.

ಉಳಿದದ್ದು ಗಾಳಿ. ಎಣ್ಣೆಯಲ್ಲಿ ಗಾಳಿ ಸೇರಿಕೊಂಡರೆ ಬಲ ಬರದು. ಅದನ್ನು ಹೊರಡಿಸಲು ರಾಡ್ ಎಳೆದು, ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಒತ್ತಿ ಹಿಡಿಯಬೇಕು. ಗಾಡಿ ಮಾತ್ರ ನಿಂತಲ್ಲೇ ಇರುತ್ತದೆ. ಟೋಪಿ ಹಾಕಿಕೊಂಡು, ಗುಡುಗುವ ಯಂತ್ರದ ಮೇಲೆ ನೆಟ್ಟಗೆ ಕೂತು, ಎಲ್ಲಿಗೂ ಹೋಗದೆ ಗಂಭೀರವಾಗಿ ಕಾಲಾಡಿಸುತ್ತಿದ್ದ ನನ್ನನ್ನು ಎದುರು ಮನೆಯವರು ಕಂಡು ಕೈ ಬೀಸಿದರು. ನಾನೂ ಜಂಬೂಸವಾರಿಯ ಗತ್ತಿನಲ್ಲಿ ಕೈ ಬೀಸಿದೆ. ಅವರು ಹೋಗುವವರೆಗೂ ಇಳಿಯಲಾಗಲಿಲ್ಲ. ಅವರು ಹೋಗಲೂ ಇಲ್ಲ; ಕುರ್ಚಿ ತಂದರು.

ಕೊನೆಗೆ ರಾಡನ್ನು ಮತ್ತೆ ಒಳಕ್ಕೆ ತಳ್ಳಿ ನೋಡಿದರೂ ಗಾಡಿ ಕದಲಲಿಲ್ಲ. ಅಷ್ಟರಲ್ಲಿ ಹೆಂಡತಿ ರಿಪೇರಿ ಅಂಗಡಿಗೆ ಫೋನ್ ಮಾಡಿಯಾಗಿತ್ತು. ಗಾಡಿ ಒಯ್ಯಲು ಬೇರೆ ಚಾರ್ಜು, ನೋಡಲು ಬೇರೆ ಚಾರ್ಜು, ಸರದಿ ಬರುವುದು ಮುಂದಿನ ತಿಂಗಳು. "ಇನ್ನು ಒಂದೇ ಒಂದು ಸಲ ನೋಡ್ತೀನಿ" ಎಂದು ಮತ್ತೆ ಹತ್ತಿ ಕೂತು ಪೆಡಲ್ ಒತ್ತಿದೆ.

ಗ್ಯಾರೇಜಿನ ಬಾಗಿಲಲ್ಲಿ ಗಿಡ್ಡ ಸ್ಟೂಲು ಹಾಕಿಕೊಂಡು ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಅವರ ಕಣ್ಣು ಸರಿಯಾಗಿ ಹಿಂದಿನ ಚಕ್ರದ ಮಟ್ಟಕ್ಕಿತ್ತು.

"ಅಳಿಯಂದ್ರೆ, ಬೇಜಾರು ಮಾಡ್ಕೋಬೇಡಿ. ಒಳಗಡೆ ಅಚ್ಚು ತಿರುಗ್ತಾನೇ ಇದೆ, ಗಾಲಿ ಮಾತ್ರ ನಿಂತಿದೆ. ಕೀಲು ಬಿದ್ದೋಗಿರ್ಬೇಕು."

ನಮ್ಮ ಮಾವನವರದು ಹಿಟ್ಟಿನ ಗಿರಣಿ. ಡೀಸೆಲ್ ಎಂಜಿನ್ನಿನ ಪುಲ್ಲಿಯಲ್ಲಿ ಕೀಲು ಸವೆದಾಗಲೆಲ್ಲ ರಾಗಿ ಮೂಟೆಗಳ ಮುಂದೆ ಜನ ಕಾಯುತ್ತಿದ್ದರಂತೆ. ಹಾಗೆ ಕಾಯುವವರಿಗೆ ಮಜ್ಜಿಗೆ ಕೊಟ್ಟೇ ಅತ್ತೆ ಎಂಜಿನಿಯರಿಂಗ್ ಕಲಿತಿದ್ದರು. ನಾನು ಕಾಲೇಜಿಗೆ ಹೋಗಿ ಕಲಿತಿದ್ದೆ. ಶಾಫ್ಟಿಗೂ ಚಕ್ರಕ್ಕೂ ನಡುವೆ ಕೂರುವ ಚೌಕ ಕೀಲಿಗೆ ಎಷ್ಟು ಅಗಲ, ಎಷ್ಟು ಉದ್ದ ಇರಬೇಕು, ಶಾಫ್ಟಿಗಿಂತ ಮೊದಲು ಅದೇ ಮುರಿಯುವಂತೆ ಯಾಕೆ ಮಾಡಬೇಕು ಎಂದು ಮಷಿನ್ ಡಿಸೈನ್ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು. ಕೀಲನ್ನು ಕಣ್ಣಾರೆ ಕಾಣುವ ಯೋಗ ಮಾತ್ರ ಕೂಡಿಬಂದಿರಲಿಲ್ಲ.

ಚಕ್ರದ ಹಬ್ಬಿನ ಮುಚ್ಚಳ ಯಾವಾಗಲೋ ಕಳೆದಿತ್ತು. ಅದರ ಹಿಂದಿನ ಕ್ಲಿಪ್ಪೂ ಉದುರಿ, ಚಕ್ರ ಒಂದಿಷ್ಟು ಹೊರಗೆ ಸರಿದು, ಕೀಲು ಹುಲ್ಲಿನಲ್ಲೆಲ್ಲೋ ಬಿದ್ದುಹೋಗಿತ್ತು. ಒಂದು ಕಡೆ ಕೀಲಿಲ್ಲದಿದ್ದರೆ ಇನ್ನೊಂದು ಚಕ್ರವಾದರೂ ಯಾಕೆ ಎಳೆಯಲಿಲ್ಲ ಅಂತೀರಾ? ಎರಡು ಚಕ್ರಗಳಿಗೂ ಬಲ ಹಂಚುವ ಡಿಫರೆನ್ಷಿಯಲ್ ಎಂಬುದು ತಡೆ ಇಲ್ಲದ ಕಡೆಗೇ ತಿರುಗುವ ಪ್ರಾಣಿ. ಇದನ್ನು ಹಾಳೆಯ ಮೇಲೆ ಚಿತ್ರ ಬರೆದು ಮನೆಮಂದಿಗೆಲ್ಲ ವಿವರಿಸಲು ಕೂತೆ. ತಲೆ ಎತ್ತಿದಾಗ ಯಾರೂ ಇರಲಿಲ್ಲ.

3/16 ಇಂಚಿನ ಚೌಕ ಸರಳು ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಫಿ ದುಡ್ಡಿಗೆ ಸಿಕ್ಕಿತು. ಗರಗಸದಲ್ಲಿ ಕೊಯ್ದು ಕೂರಿಸಿದೆ. ಹೊಸ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತಿದಾಗ ಅದು ಟಿಣ್ ಎಂದು ಹಾರಿ ಮಾಯವಾಯಿತು. ಮಗ ಆಯಸ್ಕಾಂತ ಹಿಡಿದು ಹುಡುಕಿದ, ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಸಂಜೆ ಸಾರಿನಲ್ಲಿ ಸಿಕ್ಕಿತು.

ಮರುದಿನ ಗಾಡಿ ಓಡಿತು! ಆ ಸಂಭ್ರಮವನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಾ, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ, ಅತ್ತೆಯವರು ಬೇಲಿ ಪಕ್ಕ ಹಾಕಿದ್ದ ಮೆಂತ್ಯ ಮಡಿಯನ್ನು 42 ಇಂಚು ಅಗಲಕ್ಕೆ ನುಣ್ಣಗೆ ಬೋಳಿಸಿದೆ. "ನಾನೇ ರಿಪೇರಿ ಮಾಡಿದೆ" ಎಂದು ಬರೆದು ಗುಂಪಿಗೆ ಹಾಕಿದ ಮೇಲೆ ನೆನಪಾಯಿತು, ಆ ಗುಂಪಿನಲ್ಲಿ ಅತ್ತೆಯವರೂ ಇದ್ದಾರೆ. ಅವರು ಹೆಬ್ಬೆರಳ ಗುರುತೊಂದನ್ನು ಒತ್ತಿ ಸುಮ್ಮನಾದರು. ಸುಮ್ಮನಾಗದಿದ್ದರೇ ವಾಸಿಯಿತ್ತು.

ಈಗ ಬೆಲ್ಟು ಕಿರುಗುಡಲು ಶುರುಮಾಡಿದೆ. ಅತ್ತೆಯವರು ಅಕ್ಟೋಬರಿಗೆ ಊರಿಗೆ ಹೊರಡುತ್ತಾರೆ. ಒಹಾಯೋ ಕಡೆಯ ಕನ್ನಡಿಗರಲ್ಲಿ ಯಾರ ಮನೆಗಾದರೂ ಹಿಟ್ಟಿನ ಗಿರಣಿ ಕಂಡ ಹಿರಿಯರು ಬರುವುದಿದ್ದರೆ ದಯವಿಟ್ಟು ತಿಳಿಸಿ. ಸ್ಟೂಲು, ಸೊಪ್ಪು ಎರಡೂ ನಮ್ಮಲ್ಲೇ ಇವೆ.